ಎಡಗಡೆಯ ನಳಿಗೆ

ಕಳೆದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಅಕ್ಕನ ಮಗ ಅಮೆರಿಕದ ಮಿಸೌರಿಯಿಂದ ಒಂದು ಫೋಟೊ ಕಳಿಸಿದ. ರಟ್ಟಿಗೆ ಅಂಟಿಸಿದ ಕಾಗದ, ಅದರ ಮೇಲೆ ಟರ್ಕಿ ಕೋಳಿಯ ತಲೆ ಮತ್ತು ಕತ್ತಿನ ಚಿತ್ರ, ಸುತ್ತಲೂ ದಬ್ಬಣದಿಂದ ಚುಚ್ಚಿದಂಥ ತೂತುಗಳು. ಕೆಳಗೆ ಒಂದು ಸಾಲು: "ಮಾಮಾ, 40 ಗಜದಿಂದ ಹೊಡದರ ಕುತ್ತಗಿಗೆ ಬರೇ ನಾಕ ಕಾಳ ಬಿದ್ದಾವ. ಚೋಕ್ ಬದಲಸ್ಲೋ, ಕಾಡತೂಸ ಬದಲಸ್ಲೋ?"

ನಾನು ಈವರೆಗೆ ಒಂದು ಗುಬ್ಬಿಗೂ ಗುರಿ ಇಟ್ಟವನಲ್ಲ. ಆದರೂ ಅವನು ನನ್ನನ್ನೇ ಕೇಳಿದ್ದಕ್ಕೆ ಕಾರಣವಿದೆ. ನಾಗನೂರಿನ ನಮ್ಮ ಮನೆಯಲ್ಲಿ ಒಂದು ಜೋಡುನಳಿಗೆಯ ಬಂದೂಕು ಇತ್ತು. ಅದರ ಕಥೆಯನ್ನು ಅವನಿಗೆ ಚಿಕ್ಕಂದಿನಲ್ಲಿ ಹೇಳಿದ್ದವನು ನಾನೇ. ಉತ್ತರ ಬರೆಯಲು ಕುಳಿತಾಗ ಆ ಕಥೆಯ ಅರ್ಧವೇ ನನಗೆ ಗೊತ್ತಿದೆ ಅನ್ನಿಸಿತು.

ಮೊದಲು ಚೋಕ್ ಅಂದರೇನು ಎಂಬುದು. ಚರೆ ಹಾರಿಸುವ ಬಂದೂಕಿನ ನಳಿಗೆ ಒಳಗೆ ನುಣುಪಾದ ಕೊಳವೆ. 12 ಬೋರಿನದಾದರೆ ಒಳವ್ಯಾಸ ಸುಮಾರು 18.5 ಮಿಲಿಮೀಟರ್. ಒಂದು ಪೌಂಡು ಸೀಸದಲ್ಲಿ ಸಮನಾದ 12 ಗುಂಡು ಎರಕ ಹೊಯ್ದರೆ ಒಂದೊಂದು ಎಷ್ಟು ದಪ್ಪವಾಗುತ್ತದೋ ಅಷ್ಟು. 12 ಎಂಬ ಹೆಸರು ಅಲ್ಲಿಂದ ಬಂದದ್ದು. ಈ ಕೊಳವೆಯ ಕೊನೆಯ ಎರಡು ಮೂರು ಅಂಗುಲವನ್ನು ತುಸು ಬಿಗಿಮಾಡುವುದೇ ಚೋಕ್. ತುಸು ಅಂದರೆ ನಿಜಕ್ಕೂ ತುಸು: ಅತಿ ಬಿಗಿಯಾದ 'ಫುಲ್ ಚೋಕ್'ನಲ್ಲೂ ಒಂದು ಮಿಲಿಮೀಟರಿನಷ್ಟು. ಹಟ್ಟಿಯ ಬಾಗಿಲು ಅಗಲವಾಗಿದ್ದರೆ ಕುರಿಗಳು ಹೊರಬಿದ್ದ ಕೂಡಲೇ ಚೆಲ್ಲಾಪಿಲ್ಲಿಯಾಗುತ್ತವೆ. ಕಿರಿದಾಗಿದ್ದರೆ ಒತ್ತಿಕೊಂಡೇ ಬಂದು ಸ್ವಲ್ಪ ದೂರ ಒಂದೇ ಗುಂಪಾಗಿ ನಡೆಯುತ್ತವೆ. ಸೀಸದ ಚರೆಯೂ ಹಾಗೆಯೇ.

ಎಷ್ಟು ಗುಂಪಾಗಿ ಎಂಬುದನ್ನು ಅಳೆಯುವ ಪದ್ಧತಿ ಇಂದಿಗೂ ಒಂದೇ. 40 ಗಜ ದೂರದಲ್ಲಿ ಕಾಗದ ಕಟ್ಟಿ ಹೊಡೆಯುವುದು, 30 ಅಂಗುಲ ಅಡ್ಡಳತೆಯ ವೃತ್ತದೊಳಗೆ ಬಿದ್ದ ತೂತು ಎಣಿಸುವುದು. ಬಿಗಿಯಿಲ್ಲದ ನಳಿಗೆ ನೂರಕ್ಕೆ ಸುಮಾರು 40 ಚರೆಯನ್ನು ಒಳಗೆ ಕೂಡಿಸುತ್ತದೆ, ಫುಲ್ ಚೋಕ್ 70ನ್ನು. 19ನೇ ಶತಮಾನದ ನಡುಭಾಗದವರೆಗೆ ಜಗತ್ತಿನ ಬೇಟೆಗಾರರೆಲ್ಲ ಆ 40ರಲ್ಲೇ ಬದುಕಿದವರು. 1866ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನ ಪೇಪ್ ಎಂಬ ಬಂದೂಕುಗಾರ ಬಿಗಿ ನಳಿಗೆಗೆ ಪೇಟೆಂಟ್ ಪಡೆದ. ಅಮೆರಿಕದಲ್ಲಿ ರೋಪರ್, ಕಿಂಬಲ್ ಎಂಬಿಬ್ಬರು ತಮ್ಮ ತಮ್ಮ ದಾರಿಯಲ್ಲಿ ಅದನ್ನೇ ಮುಟ್ಟಿದರು. ಯಾರು ಮೊದಲು ಎಂಬ ಜಗಳ ಇನ್ನೂ ಮುಗಿದಿಲ್ಲ. ಅದನ್ನು ನೆಚ್ಚಬಹುದಾದ ವಿದ್ಯೆಯಾಗಿಸಿದವನು ಬರ್ಮಿಂಗ್‌ಹ್ಯಾಮಿನ ಡಬ್ಲ್ಯೂ. ಡಬ್ಲ್ಯೂ. ಗ್ರೀನರ್. 1874ರಲ್ಲಿ ಅವನು ತನ್ನ ನಳಿಗೆಯ ಲೆಕ್ಕ ಹೇಳಿದಾಗ ಹಲವರು ನಂಬಲಿಲ್ಲ. 1875ರಲ್ಲಿ 'ದಿ ಫೀಲ್ಡ್' ಪತ್ರಿಕೆ ಲಂಡನ್ನಿನಲ್ಲಿ ಬಹಿರಂಗ ಪರೀಕ್ಷೆ ನಡೆಸಿತು. ಗ್ರೀನರನ ಬಂದೂಕು ಗೆದ್ದಿತು.

ಹೀಗೆ ಗೆದ್ದ ವಿದ್ಯೆಗೆ ಒಂದು ಅಪಾಯವೂ ಅಂಟಿಕೊಂಡು ಬಂತು. ಹಳೆಯ ನಳಿಗೆಗೆ ಹಕ್ಕಿಗಾದರೆ ಚರೆ, ಹಂದಿಗಾದರೆ ಒಂಟಿ ಗುಂಡು, ಏನನ್ನು ಬೇಕಾದರೂ ತುಂಬಬಹುದಿತ್ತು. ಬಿಗಿ ನಳಿಗೆಗೆ ಅದರ ಒಳವ್ಯಾಸದಷ್ಟೇ ದಪ್ಪದ ಗುಂಡು ತುಂಬಿದರೆ ಅದು ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ನಳಿಗೆ ಉಬ್ಬುತ್ತದೆ, ಇಲ್ಲವೇ ಹೊಡೆದವನ ಕೈಯಲ್ಲೇ ಸೀಳುತ್ತದೆ. ಅದಕ್ಕೇ 1875ರಿಂದ 1887ರ ತನಕ ಇಂಗ್ಲೆಂಡಿನ ಪರೀಕ್ಷಾಲಯಗಳು ಇಂಥ ನಳಿಗೆಯ ಅಡಿಯಲ್ಲಿ ಮೂರು ಇಂಗ್ಲಿಷ್ ಪದಗಳನ್ನು ಒತ್ತುತ್ತಿದ್ದವು: 'ನಾಟ್ ಫಾರ್ ಬಾಲ್'.

ಆ ಮೂರು ಪದಗಳನ್ನು ನಾನು ಏಳನೇ ತರಗತಿಯಲ್ಲಿದ್ದಾಗ ಓದಿದ್ದೆ. ನಮ್ಮ ಮುತ್ಯಾ (ನಮ್ಮ ಕಡೆ ಅಜ್ಜನಿಗೆ ಹಾಗನ್ನುವುದು) ದೀಪಾವಳಿಗೆ ಮುಂಚೆ ಬಂದೂಕಿನ ನಳಿಗೆ ಕಳಚಿ ಚಾಪೆಯ ಮೇಲಿಟ್ಟು ಎಣ್ಣೆ ಒರೆಸುತ್ತಿದ್ದರು. ಕಳಚಿದಾಗ ಮಾತ್ರ ಕಾಣುವ ಚಪ್ಪಟೆ ಜಾಗದಲ್ಲಿ ಆ ಅಕ್ಷರಗಳಿದ್ದವು. ಹೊಸದಾಗಿ ಇಂಗ್ಲಿಷ್ ಕಲಿತಿದ್ದ ಹುಮ್ಮಸ್ಸಿನಲ್ಲಿ ಕೂಡಿಸಿ ಓದಿ, "ಚೆಂಡಿಗಲ್ಲ ಅಂತ ಬರದಾರ ಮುತ್ಯಾ" ಅಂದೆ. ಬಂದೂಕಿಗೂ ಚೆಂಡಿಗೂ ಏನು ಸಂಬಂಧವೆಂದು ನನಗೂ ತಿಳಿಯಲಿಲ್ಲ. ಮುತ್ಯಾ ನಗಲಿಲ್ಲ. "ಯಾವ ನಳಗಿ ಮ್ಯಾಲ ಐತಿ?" ಎಂದು ಕೇಳಿದರು. ಎಡಗಡೆಯದರ ಮೇಲೆ ಮಾತ್ರ ಇತ್ತು. ಮುತ್ಯಾ ಬಟ್ಟೆಯನ್ನು ಕೈಯಲ್ಲೇ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು.

ಯಾಕೆಂದರೆ ಅವರಿಗೆ ಅವರ ಅಪ್ಪ ಹೇಳಿದ್ದ ನಿಯಮ ಒಂದಿತ್ತು: "ಎಡಗಡಿದು ಹೆಣ್ಣ ನಳಗಿ. ಅದಕ ಕಾಳ ಅಷ್ಟ ಹಾಕಬೇಕ, ಗುಂಡ ಹಾಕಬಾರದು." ಯಾಕೆ ಎಂದು ಅಪ್ಪ ಹೇಳಿರಲಿಲ್ಲ, ಮಗ ಕೇಳಿರಲಿಲ್ಲ. ದೇವಿಯ ಮಾತೆಂಬಂತೆ ಪಾಲಿಸಿದ್ದರು. ಜೋಡುನಳಿಗೆಯ ಬಂದೂಕುಗಳಲ್ಲಿ ಸಾಮಾನ್ಯವಾಗಿ ಬಲನಳಿಗೆ ಸಡಿಲ, ಎಡನಳಿಗೆ ಬಿಗಿ. ಹತ್ತಿರದಿಂದ ಎದ್ದ ಹಕ್ಕಿಗೆ ಮೊದಲ ಏಟು ಬಲದ್ದು, ಅದು ತಪ್ಪಿ ಹಕ್ಕಿ ದೂರವಾದರೆ ಎರಡನೆಯದು ಎಡದ್ದು. ಊರು ಬಿಟ್ಟುಹೋಗುವ ಯಾರೋ ಸಾಹೇಬನಿಂದ ಮುತ್ಯಾನ ಅಪ್ಪ ಅದನ್ನು ಕೊಂಡಾಗ, ಕೊಟ್ಟವನು ಬಾಯಲ್ಲಿ ಎಚ್ಚರಿಕೆ ಹೇಳಿರಬೇಕು. ಕಾರಣ ಉದುರಿ ನಿಯಮ ಉಳಿಯಿತು.

ಸಾಹೇಬನಿಂದಲೇ ಏಕೆ ಬಂತು ಎಂಬುದಕ್ಕೂ ಚರಿತ್ರೆಯಿದೆ. ಇಲ್ಲಿಂದ ಮುಧೋಳದ ಕಡೆಗೆ ಹೋದರೆ ಹಲಗಲಿ ಸಿಗುತ್ತದೆ. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಬಂದಾಗ, ಆಯುಧವೇ ಬದುಕಾಗಿದ್ದ ಅಲ್ಲಿನ ಬೇಡರು ಒಪ್ಪಿಸಲು ಒಲ್ಲೆ ಎಂದರು. ನವೆಂಬರಿನಲ್ಲಿ ಕುಂಪನಿಯ ಸೈನ್ಯ ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಲಾವಣಿಯಿಂದಾಗಿ ಈ ಕಥೆ ಎಲ್ಲರಿಗೂ ಗೊತ್ತು. ಅದರ ಬೆನ್ನಿಗೆ ಬಂದ 1878ರ ಶಸ್ತ್ರಾಸ್ತ್ರ ಕಾಯ್ದೆಯ ನೆನಪು ಅಷ್ಟಾಗಿ ಉಳಿದಿಲ್ಲ. ಅದರಡಿ ಭಾರತೀಯನಿಗೆ ಲೈಸೆನ್ಸು ಬೇಕು, ಯುರೋಪಿಯನ್ನನಿಗೆ ವಿನಾಯಿತಿ. ಗ್ರೀನರನ ಪರೀಕ್ಷೆ ನಡೆದದ್ದು 1875ರಲ್ಲಿ, ಕಾಯ್ದೆ ಬಂದದ್ದು ಮೂರು ವರ್ಷಕ್ಕೆ. ಬೇಟೆಯ ಅತಿ ದೊಡ್ಡ ಸುಧಾರಣೆ ಬಂದಾಗ, ಬೇಟೆಯನ್ನೇ ಕಸುಬಾಗಿಸಿಕೊಂಡವರ ಕೈಯಲ್ಲಿ ಉಳಿದಿದ್ದದ್ದು ಬಲೆ, ಉರುಲು ಮತ್ತು ಮುಚ್ಚಿಟ್ಟ ಹಳೆಯ ಕೋವಿ.

ಆ ಹಳೆಯ ಕೋವಿಯಲ್ಲಿ ಬಾರು ಬೇಟೆಗಾರನ ಅಂದಾಜಾಗಿತ್ತು. ಎಷ್ಟು ಮದ್ದು, ಎಷ್ಟು ಚರೆ ಎಂಬುದನ್ನು ಅಂಗೈಯೇ ಅಳೆಯುತ್ತಿತ್ತು. ತೋಟಾ ಬಂದ ಮೇಲೆ ಅಳತೆ ಕಾರ್ಖಾನೆಯದಾಯಿತು, ಬೇಟೆಗಾರನಿಗೆ ಉಳಿದದ್ದು ನಂಬರಿನ ಆಯ್ಕೆ. ಮುತ್ಯಾ ಮಾತ್ರ ಹಿತ್ತಾಳೆಯ ಖಾಲಿ ಕಾಡತೂಸಿಗೆ ಕರಿಮದ್ದನ್ನು ತಾವೇ ತುಂಬುತ್ತಿದ್ದರು. ಅದು ಜಿಪುಣತನವೆಂದು ನಾವು ನಗುತ್ತಿದ್ದೆವು. ಕರಿಮದ್ದಿಗೆಂದು ಮಾಡಿದ ನಳಿಗೆಗೆ ಈಗಿನ ಹೊಗೆರಹಿತ ಮದ್ದಿನ ತೋಟಾ ಹಾಕಿದರೆ ಒಡೆದೀತೆಂದು ಆಮೇಲೆ ತಿಳಿಯಿತು.

ಈಗ ನಂಬರಿನ ಲೆಕ್ಕ. ಇಂಗ್ಲಿಷ್ ಅಳತೆಯಲ್ಲಿ ಒಂದು ಔನ್ಸಿಗೆ 6ನೇ ನಂಬರಿನ ಚರೆ 270, 4ನೇ ನಂಬರಿನದು 170, ಬಿಬಿ ಎಂಬ ದಪ್ಪ ಚರೆ ಬರೀ 70. ಸಾಧಾರಣ ತೋಟಾದಲ್ಲಿ ಒಂದೂ ಎಂಟನೇ ಒಂದು ಔನ್ಸು, ಅಂದರೆ ಸುಮಾರು 32 ಗ್ರಾಂ ಇರುತ್ತದೆ ಎನ್ನಿ. ಫುಲ್ ಚೋಕ್‌ನಲ್ಲಿ ಆ 30 ಅಂಗುಲದ ವೃತ್ತಕ್ಕೆ 6ನೇ ನಂಬರಿನ 210 ಚರೆ ಬೀಳುತ್ತವೆ, ಬಿಬಿ 55 ಮಾತ್ರ. ಬಿಗಿಯಿಲ್ಲದ ನಳಿಗೆಯಲ್ಲಿ ಬಿಬಿ 31ಕ್ಕೆ ಇಳಿಯುತ್ತದೆ. ಸಣ್ಣ ಚರೆ ದಟ್ಟ, ಆದರೆ ದೂರ ಹೋದಂತೆ ಕಸುವು ಬೇಗ ಕಳೆದುಕೊಳ್ಳುತ್ತದೆ. ದಪ್ಪ ಚರೆ ಆಳಕ್ಕೆ ಇಳಿಯುತ್ತದೆ, ಆದರೆ ಎರಡು ಚರೆಯ ನಡುವಿನ ತೆರಪಿನಲ್ಲಿ ಹಕ್ಕಿಯ ಕತ್ತು ಪಾರಾಗುತ್ತದೆ. ಚೋಕ್ ಮತ್ತು ತೋಟಾದ ಆಯ್ಕೆಯೆಂದರೆ ಈ ಎರಡರ ಚೌಕಾಸಿ. ಯಾವುದು ಸರಿ ಎಂಬುದನ್ನು ನಿರ್ಧರಿಸುವುದು ಗುರಿ ಇಡುವ ಜಾಗ.

ಟರ್ಕಿಯಲ್ಲಿ ಆ ಜಾಗ ತಲೆ ಮತ್ತು ಕತ್ತು. ಮೈಯ ಮೇಲೆ ಗರಿಯ ಕವಚ, ದಪ್ಪ ಎದೆ. ಅಲ್ಲಿಗೆ ಬಿದ್ದ ಏಟು ಹಕ್ಕಿಯನ್ನು ಗಾಯಗೊಳಿಸಿ ಪೊದೆಗೆ ಓಡಿಸುತ್ತದೆ. ಕತ್ತು ಕಿರಿದು, ಆದ್ದರಿಂದ ದಟ್ಟಣೆ ಬೇಕು: ಬಿಗಿ ಚೋಕ್, ಸಣ್ಣ ಚರೆ. ಮಿಸೌರಿಯ ಕಾನೂನೇ 4ನೇ ನಂಬರಿಗಿಂತ ದಪ್ಪ ಚರೆಯನ್ನು ಟರ್ಕಿಗೆ ಬಳಸಬಾರದೆನ್ನುತ್ತದೆ. (ಅಮೆರಿಕದ 6 ಇಂಗ್ಲಿಷರ 6 ಅಲ್ಲ, ತುಸು ದಪ್ಪ, ಔನ್ಸಿಗೆ 225. ಹಳೆಯ ಪುಸ್ತಕ ನೋಡಿ ಲೆಕ್ಕ ಹಾಕುವವರು ಇಲ್ಲಿ ಎಡವುತ್ತಾರೆ, ನಾನೂ ಎಡವಿದೆ.) ಆ ಕತ್ತನ್ನು ನಮ್ಮ ನೆಲದಲ್ಲಿ ಮೊದಲಿಗೆ ಬೆರಗಿನಿಂದ ನೋಡಿದವರಲ್ಲಿ ಜಹಾಂಗೀರನೂ ಒಬ್ಬ. 1612ರಲ್ಲಿ ಮುಕರ್ರಬ್ ಖಾನ್ ಗೋವೆಯಿಂದ ಈ ಹಕ್ಕಿಯನ್ನು ತಂದುಕೊಟ್ಟಾಗ, ತಲೆ ಮತ್ತು ಕತ್ತು ಊಸರವಳ್ಳಿಯಂತೆ ಬಣ್ಣ ಬದಲಿಸುವುದನ್ನು ಬಾದಶಹ ಬರೆದಿಟ್ಟ, ಉಸ್ತಾದ್ ಮನ್ಸೂರ್ ಚಿತ್ರ ಬಿಡಿಸಿದ. ಆ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ.

ನಮ್ಮ ಎರೆ ಭೂಮಿಯ ಟರ್ಕಿ ಅಂದರೆ ಎರೆಭೂತ. ಎರ್ಲಡ್ಡು ಎಂದೂ ಕರೆಯುತ್ತಾರೆ, ಇಂಗ್ಲಿಷಿನವರಿಗೆ ಗ್ರೇಟ್ ಇಂಡಿಯನ್ ಬಸ್ಟರ್ಡ್. ಗಂಡು 15 ಕಿಲೊವರೆಗೆ ತೂಗುವ ಹಕ್ಕಿ. ಬಟ್ಟಬಯಲಿನಲ್ಲಿ ನಿಂತು ದೂರದಿಂದಲೇ ಮನುಷ್ಯನನ್ನು ಕಂಡು ನಡೆದುಬಿಡುತ್ತದೆ. ಆದರೆ ಎತ್ತಿನ ಗಾಡಿಗೆ ಹೆದರುತ್ತಿರಲಿಲ್ಲ. ಬೇಟೆಗಾರರು ಗಾಡಿಯ ಮರೆಯಲ್ಲಿ ಸುತ್ತು ಹಾಕುತ್ತಾ ಹತ್ತಿರವಾಗುತ್ತಿದ್ದರು. ಮುತ್ಯಾ ಹತ್ತು ವರ್ಷದವರಿದ್ದಾಗ ಅಂಥದೊಂದು ಗಾಡಿ ಹೊಡೆದಿದ್ದರಂತೆ, ಹಿಂದೆ ಅವರ ಅಪ್ಪ ಬಂದೂಕು ಹಿಡಿದು ಕುಳಿತಿದ್ದರು. ಎಡನಳಿಗೆಯಲ್ಲಿ ದಪ್ಪ ಕಾಳು. "ಬಿದ್ದ ಮ್ಯಾಲ ನಾವಿಬ್ರೂ ಕೂಡಿ ಗಾಡಿಗಿ ಎತ್ತಿ ಹಾಕಿದಿವಿ. ಕುರಿಮರಿಯಷ್ಟ ಇತ್ತ. ಆಮ್ಯಾಲ ನಾ ಮತ್ತೊಂದ ನೋಡ್ಲಿಲ್ಲ" ಎನ್ನುತ್ತಿದ್ದರು.

ಈ ಲೇಖನವನ್ನು ನಾನು ಮೊದಲು ಬೇರೆಯೇ ರೀತಿ ಬರೆಯಹೊರಟಿದ್ದೆ. ಒಂದು ಮಿಲಿಮೀಟರಿನ ಬಿಗಿ ಎರೆಭೂತದ ಕೊರಳು ಹಿಸುಕಿತು ಎಂಬ ಕಥೆ. ಓದಲು ಚೆನ್ನಾಗಿರುತ್ತಿತ್ತು. ಆದರೆ ಅದು ನಿಲ್ಲಲಿಲ್ಲ. ನಮ್ಮ ನೆರೆಯ ಅಹ್ಮದನಗರ ಸೀಮೆಯಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಇಂಗ್ಲಿಷಿನವನು 1809ರಿಂದ 1829ರೊಳಗೆ 961 ಎರೆಭೂತಗಳನ್ನು ಹೊಡೆದ ದಾಖಲೆಯಿದೆ. ಅದು ಚಕಮಕಿ ಕಲ್ಲಿನ ಬಂದೂಕುಗಳ ಕಾಲ. ಚೋಕ್ ಹುಟ್ಟಲು ಇನ್ನೂ ಮೂರು ನಾಲ್ಕು ದಶಕ ಬೇಕಿತ್ತು. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿಗೆ 40 ಚರೆಯ ವೃತ್ತವೇ ಸಾಕಾಗಿತ್ತು, 70 ಬೇಕಿರಲಿಲ್ಲ.

ಬಂದೂಕಿನಿಂದ ಉಳಿದದ್ದಕ್ಕೆ ನೆಲ ಉಳಿಯಲಿಲ್ಲ. 19ನೇ ಶತಮಾನದ ಕೊನೆಗೆ ಧೂಪದಾಳದ ಒಡ್ಡು, ಕಾಲುವೆ. 20ನೇ ಶತಮಾನದಲ್ಲಿ ಹಿಡಕಲ್ ಅಣೆಕಟ್ಟು. ಘಟಪ್ರಭೆಯ ನೀರು ಹರಿದಲ್ಲೆಲ್ಲ ಜೋಳದ ಹೊಲ ಕಬ್ಬಿನ ಗದ್ದೆಯಾಯಿತು. ದೂರ ನೋಡಿಯೇ ಬದುಕುವ ಹಕ್ಕಿ ತಲೆಗಿಂತ ಎತ್ತರದ ಕಬ್ಬಿನಲ್ಲಿ ಏನು ಮಾಡೀತು? ಆ ಕಬ್ಬಿನ ಬೆಲ್ಲದಲ್ಲೇ ನಾನು ಓದಿದ್ದು, ಹಾಗಾಗಿ ದೂರುವ ಬಾಯಿ ನನಗಿಲ್ಲ. 1972ರ ವನ್ಯಜೀವಿ ಕಾಯ್ದೆ ಎರೆಭೂತವನ್ನು ಮೊದಲ ಪಟ್ಟಿಗೆ ಸೇರಿಸಿತು, 1974ರಲ್ಲಿ ರಾಣೆಬೆನ್ನೂರಿನಲ್ಲಿ ಅಭಯಾರಣ್ಯವಾಯಿತು. ಈಗ ಕರ್ನಾಟಕದಲ್ಲಿ ಅದನ್ನು ಹುಡುಕುವವರು ಸಿರಗುಪ್ಪದ ಬಯಲಿಗೆ ಹೋಗುತ್ತಾರೆ, ಅಲ್ಲೂ ಬೆರಳೆಣಿಕೆ. ಇಡೀ ದೇಶದಲ್ಲಿ 150 ಇದ್ದರೆ ಹೆಚ್ಚು.

ಮಿಸೌರಿಯ ಟರ್ಕಿಗೂ ಒಮ್ಮೆ ಇದೇ ಗತಿ ಬಂದಿತ್ತು. 1937ರಲ್ಲಿ ಅಲ್ಲಿ ಬೇಟೆಯನ್ನೇ ನಿಲ್ಲಿಸಿದರು. ಅದೇ ವರ್ಷ ಬಂದ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಿಂದ ಬಂದೂಕು, ತೋಟಾಗಳ ಮೇಲಿನ ತೆರಿಗೆ ವನ್ಯಜೀವಿಗಳ ಪಾಲಾಯಿತು. ಈಗ ಅದು ನೂರಕ್ಕೆ 11. ಉಳಿದ ಕಾಡುಟರ್ಕಿಗಳನ್ನು ಬಲೆಯಿಂದ ಹಿಡಿದು ಖಾಲಿ ಕಾಡುಗಳಲ್ಲಿ ಬಿಟ್ಟರು. 1960ರಲ್ಲಿ ವಸಂತದ ಬೇಟೆ ಮತ್ತೆ ತೆರೆಯಿತು. ಅಂದರೆ ನನ್ನ ಅಳಿಯ ಕಾಗದಕ್ಕೆ ಹೊಡೆದ ಒಂದೊಂದು ತೋಟಾವೂ ಆ ಹಕ್ಕಿಯ ಕಾಡಿಗೆ ಕಂದಾಯ ಕಟ್ಟಿದೆ. ಇದನ್ನು ಇಲ್ಲಿಗೂ ತರಬಹುದೇ ಎಂದು ಕೇಳಿದರೆ ನಾನು ಒಪ್ಪಲಾರೆ. ಟರ್ಕಿ ಒಂದು ಗೂಡಿಗೆ ಹತ್ತು ಹನ್ನೆರಡು ಮೊಟ್ಟೆಯಿಡುತ್ತದೆ, ಎರೆಭೂತ ಒಂದು. ಆ ಲೆಕ್ಕವನ್ನು ಯಾವ ತೆರಿಗೆಯೂ ಸರಿದೂಗಿಸಲಾರದು.

ಅವನಿಗೆ ಕೊನೆಗೆ ಹೀಗೆ ಬರೆದೆ: ಮೊದಲು ಚರೆಯ ನಂಬರು ಬದಲಿಸು, 4 ಇದ್ದರೆ 6 ಹಾಕಿ ನೋಡು, ಆಗಲೂ ಚೆದುರಿದರೆ ಚೋಕ್ ಬಿಗಿಮಾಡು, ಅದಕ್ಕೂ ಆಗದಿದ್ದರೆ 40 ಗಜ ಬಿಟ್ಟು 30 ಗಜಕ್ಕೆ ಹೋಗು. ವಾರ ಬಿಟ್ಟು ಮತ್ತೊಂದು ಕಾಗದದ ಫೋಟೊ ಬಂತು. ಕುತ್ತಿಗೆಯಲ್ಲಿ ಹದಿಮೂರು ತೂತು.

ಮುತ್ಯಾ ತೀರಿದ ಮೇಲೆ ಲೈಸೆನ್ಸು ಯಾರ ಹೆಸರಿಗೂ ಮಾಡಿಸಲಿಲ್ಲ. ಬಂದೂಕನ್ನು ಠಾಣೆಗೆ ಒಪ್ಪಿಸಲು ಕಾಕಾನ ಜೊತೆ ನಾನೂ ಹೋಗಿದ್ದೆ. ಬರೆದುಕೊಳ್ಳುತ್ತಿದ್ದವರು ತಲೆ ಎತ್ತದೆ, "ಕಾಡತೂಸ ಎಷ್ಟ ಅದಾವ?" ಎಂದು ಕೇಳಿದರು.

ಕಾಕಾ ಚೀಲದಿಂದ ಒಂದೊಂದೇ ತೆಗೆದು ಮೇಜಿನ ಮೇಲೆ ಎರಡು ಸಾಲು ಮಾಡಿದರು. "ಬಲಗಡಿವು ನಾಕ ರೀ," ಅಂದರು, "ಎಡಗಡಿವು ಏಳ."