ಕೆಲಸ ಹೋದ ಮೇಲಿನ ಅರವತ್ತು ದಿನಗಳು

ಮೂರು ವರ್ಷಗಳ ಹಿಂದೆ, ಒಂದು ಮಂಗಳವಾರ ಬೆಳಿಗ್ಗೆ, ಕಂಪನಿಯ ಲ್ಯಾಪ್‌ಟಾಪ್ ನನ್ನ ಪಾಸ್‌ವರ್ಡನ್ನು ಒಪ್ಪಿಕೊಳ್ಳಲಿಲ್ಲ. ಸ್ವಂತ ಇಮೇಲ್‌ಗೆ ಬಂದಿದ್ದ ಪತ್ರವನ್ನು ತೆರೆದಾಗ ಕಾರಣ ತಿಳಿಯಿತು: ನನ್ನ ನೌಕರಿ ಅಂದಿಗೆ ಮುಗಿದಿತ್ತು. ಟೆಕ್ಸಾಸ್‌ನಲ್ಲಿ ಬಾಡಿಗೆ ಮನೆ, ಎರಡನೆಯ ತರಗತಿಯ ಮಗಳು, ಕೈಯಲ್ಲಿ ಎಚ್-1ಬಿ ವೀಸಾ. ಶಿವಮೊಗ್ಗದಲ್ಲಿರುವ ಅಪ್ಪ-ಅಮ್ಮನಿಗೆ ಒಂಬತ್ತು ದಿನ ಈ ಸುದ್ದಿಯನ್ನು ಹೇಳಲಿಲ್ಲ. ಆ ದಿನಗಳಲ್ಲಿ ನನಗೆ ತಿಳಿದಿರಬೇಕಾಗಿದ್ದ ಸಂಗತಿಗಳನ್ನು ಅಮೆರಿಕದಲ್ಲಿರುವ ಕನ್ನಡಿಗರಿಗಾಗಿ ಒಂದೆಡೆ ಬರೆದಿಡುವುದೇ ಈ ಲೇಖನದ ಉದ್ದೇಶ.

ದಿನಗಳ ಲೆಕ್ಕ

2017ರ ಜನವರಿ 17ರಂದು ಜಾರಿಗೆ ಬಂದ ನಿಯಮದಂತೆ, ಎಚ್-1ಬಿ ನೌಕರರು ಕೆಲಸ ಕಳೆದುಕೊಂಡ ಮೇಲೆ ಗರಿಷ್ಠ 60 ದಿನ ಈ ದೇಶದಲ್ಲಿ ಉಳಿಯಬಹುದು. ಐ-94ರ ಅವಧಿ ಅದಕ್ಕೂ ಮೊದಲೇ ತೀರುವುದಾದರೆ ಅವಕಾಶವೂ ಅಂದಿಗೇ ತೀರುತ್ತದೆ. ಎಣಿಕೆ ಸಾಮಾನ್ಯವಾಗಿ ಸಂಬಳ ಪಡೆದ ಕೊನೆಯ ದಿನದ ಮರುದಿನದಿಂದ ಆರಂಭವಾಗುತ್ತದೆ. ಸೆವೆರೆನ್ಸ್ ಹಣ ಬಂದ ಮಾತ್ರಕ್ಕೆ ಈ ಲೆಕ್ಕ ಮುಂದಕ್ಕೆ ಹೋಗುವುದಿಲ್ಲ. 100 ಅಥವಾ ಹೆಚ್ಚು ನೌಕರರಿರುವ ಕಂಪನಿಗಳು ಸಾಮೂಹಿಕವಾಗಿ ಜನರನ್ನು ತೆಗೆಯುವಾಗ 60 ದಿನ ಮುಂಚಿತವಾಗಿ ತಿಳಿಸಬೇಕೆಂಬ 1988ರ ‘ವಾರ್ನ್’ ಕಾಯಿದೆಯೂ ಇದೆ. ಆದರೆ ಅದು ಬೇರೆ ಅರವತ್ತು, ಎರಡನ್ನೂ ಬೆರೆಸಬಾರದು.

ಈ ಅವಧಿಯೊಳಗೆ ಹೊಸ ಕಂಪನಿಯು ಎಚ್-1ಬಿ ಅರ್ಜಿ ಸಲ್ಲಿಸಿದರೆ ಸಾಕು, ಅದರ ಮಂಜೂರಾತಿಗೆ ಕಾಯದೆ ಅಲ್ಲಿ ಕೆಲಸ ಆರಂಭಿಸಬಹುದು. ನೌಕರಿ ಸಿಗದಿದ್ದರೆ, ಸಂಗಾತಿಗೆ ಎಚ್-1ಬಿ ಇರುವವರು ಎಚ್-4ಕ್ಕೆ, ಉಳಿದವರು ಬಿ-2 ಸಂದರ್ಶಕ ಸ್ಥಿತಿಗೆ ಬದಲಾಯಿಸಲು ಅರ್ಜಿ ಹಾಕಬಹುದು. ಆ ಅರ್ಜಿ ಇತ್ಯರ್ಥವಾಗುವವರೆಗೆ ಉಳಿಯಲು ಅವಕಾಶವುಂಟು, ಆದರೆ ದುಡಿಯುವಂತಿಲ್ಲ. ಐ-140 ಮಂಜೂರಾಗಿ 180 ದಿನ ಕಳೆದಿದ್ದರೆ, ಹಳೆಯ ಕಂಪನಿ ಅದನ್ನು ಹಿಂಪಡೆದರೂ ಗ್ರೀನ್ ಕಾರ್ಡ್ ಸಾಲಿನಲ್ಲಿ ನಮ್ಮ ದಿನಾಂಕ ಹೋಗುವುದಿಲ್ಲ. ಭಾರತೀಯರ ಸಾಲು ಎಷ್ಟು ಉದ್ದವೆಂಬುದನ್ನು ಬಲ್ಲವರಿಗೆ ಇದು ಸಣ್ಣ ಸಮಾಧಾನವಲ್ಲ. ಊರಿಗೇ ಮರಳುವುದಾದರೆ, ಅವಧಿಗೆ ಮೊದಲೇ ಕೆಲಸದಿಂದ ತೆಗೆದ ಕಂಪನಿಯು ನೌಕರನ ಪ್ರಯಾಣದ ಯುಕ್ತ ವೆಚ್ಚವನ್ನು ಭರಿಸಬೇಕೆಂಬುದು ಕಾನೂನು. ಅವರವರ ಕಾಗದಪತ್ರ ಬೇರೆ ಬೇರೆ. ಮೊದಲ ವಾರದಲ್ಲೇ ವಲಸೆ ವಕೀಲರೊಬ್ಬರಿಗೆ ತೋರಿಸುವುದು ಕ್ಷೇಮ.

ವಿಮೆ ಮತ್ತು ಭತ್ಯೆ

20 ಅಥವಾ ಹೆಚ್ಚು ನೌಕರರಿರುವ ಕಂಪನಿಯ ಆರೋಗ್ಯ ವಿಮೆಯನ್ನು ‘ಕೋಬ್ರಾ’ ಕಾಯಿದೆಯಡಿ ಸಾಮಾನ್ಯವಾಗಿ 18 ತಿಂಗಳವರೆಗೆ ಮುಂದುವರಿಸಬಹುದು. ಕಂಪನಿಯ ಪಾಲೂ ಸೇರಿ ಪೂರ್ಣ ಪ್ರೀಮಿಯಂನ 102 ಶೇಕಡಾವರೆಗೆ ನಾವೇ ಕಟ್ಟಬೇಕು. ಮೊತ್ತ ನೋಡಿ ನನ್ನ ಹೆಂಡತಿ ಕಾಗದವನ್ನು ಮಡಚಿಟ್ಟಳು. ಆದರೆ ನಿರ್ಧರಿಸಲು ಕನಿಷ್ಠ 60 ದಿನ ಸಮಯವಿದೆ. ಆಮೇಲೆ ಆರಿಸಿಕೊಂಡು ಬಾಕಿ ಕಟ್ಟಿದರೂ ವಿಮೆ ಹಿಂದಿನ ದಿನಾಂಕದಿಂದಲೇ ಅನ್ವಯಿಸುತ್ತದೆ. ಸರ್ಕಾರಿ ಮಾರ್ಕೆಟ್‌ಪ್ಲೇಸ್‌ನಲ್ಲಿ ಬೇರೆ ವಿಮೆ ಕೊಳ್ಳಲೂ 60 ದಿನಗಳ ವಿಶೇಷ ಅವಕಾಶವಿರುತ್ತದೆ. ನಿರುದ್ಯೋಗ ಭತ್ಯೆಯನ್ನು ನಡೆಸುವುದು ರಾಜ್ಯಗಳು. ಕೆಲಸಕ್ಕೆ ಲಭ್ಯರಿರಬೇಕೆಂಬ ಷರತ್ತನ್ನು ಎಚ್-1ಬಿ ನೌಕರರಿಗೆ ಒಂದೊಂದು ರಾಜ್ಯ ಒಂದೊಂದು ರೀತಿ ಅನ್ವಯಿಸುವುದರಿಂದ, ಕೇಳದೆ ಆಸೆಯನ್ನೂ ಇಡಬಾರದು, ಬಿಡಲೂಬಾರದು.

ಯಾರನ್ನು ಕೇಳುವುದು?

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈಗಲೂ ಪ್ರಸಿದ್ಧ. ಪರಿಚಿತರ ಮೂಲಕ ಕೆಲಸ ಪಡೆದವರನ್ನು ವಿಚಾರಿಸಿದಾಗ, ಸುದ್ದಿ ತಂದವರು ಹೆಚ್ಚಾಗಿ ಆಪ್ತರಲ್ಲ, ಅಪರೂಪಕ್ಕೆ ಭೇಟಿಯಾಗುವವರೆಂದು ಅವರು ಕಂಡುಕೊಂಡರು. ಆಪ್ತರಿಗೆ ತಿಳಿದಿರುವುದು ಬಹುಪಾಲು ನಮಗೂ ತಿಳಿದಿರುತ್ತದೆ. ದೂರದ ಪರಿಚಯದವರು ಬೇರೆ ವಲಯದ ಸುದ್ದಿ ತರುತ್ತಾರೆ. ನನ್ನ ಅನುಭವವೂ ಇದೇ. ನೂರಾರು ಅರ್ಜಿಗಳಿಗೆ ಉತ್ತರ ಬರಲಿಲ್ಲ. ಭಾನುವಾರದ ಕನ್ನಡ ತರಗತಿಗೆ ಮಗಳನ್ನು ಬಿಡುವಾಗ ನಮಸ್ಕಾರವಷ್ಟೇ ಹೇಳುತ್ತಿದ್ದ ಹುಬ್ಬಳ್ಳಿಯವರೊಬ್ಬರು, ವಿಷಯ ತಿಳಿದು, “ಮೊದಲs ಯಾಕ ಹೇಳಲಿಲ್ರೀ? ರೆಸ್ಯೂಮೆ ಕಳಸ್ರಿ” ಎಂದರು.

ಹೇಳದಿರಲು ಕಾರಣ ನಾಚಿಕೆ. ಇದರ ಬೆಲೆ ಏನೆಂಬುದನ್ನು ಆಸ್ಟ್ರಿಯಾದ ಮರಿಯೆನ್‌ತಾಲ್ ಎಂಬ ಹಳ್ಳಿಯ ಅಧ್ಯಯನ ನನಗೆ ತಿಳಿಸಿತು. ಅಲ್ಲಿನ ಬಟ್ಟೆ ಗಿರಣಿ ಮುಚ್ಚಿದ ಮೇಲೆ ಜನರ ಬದುಕನ್ನು ಮರೀ ಯಹೋಡಾ ಮತ್ತು ಸಂಗಡಿಗರು ದಾಖಲಿಸಿ 1933ರಲ್ಲಿ ಪ್ರಕಟಿಸಿದರು. ಬಿಡುವು ಹೆಚ್ಚಿದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು, ಗಂಡಸರ ನಡಿಗೆ ನಿಧಾನವಾಗಿತ್ತು. ಓದಿದಾಗ ನನ್ನನ್ನೇ ಕಂಡಂತಾಯಿತು. ಮರುದಿನದಿಂದ ಎಂಟಕ್ಕೆ ಎದ್ದು, ಸ್ನಾನ ಮಾಡಿ, ಊರಿನ ಗ್ರಂಥಾಲಯಕ್ಕೆ ಹೋಗಿ ಕೂರತೊಡಗಿದೆ. ಮನಸ್ಸು ತೀರ ಕುಸಿದವರಿಗೆ ಅಮೆರಿಕದಾದ್ಯಂತ 988 ಸಂಖ್ಯೆ ಹಗಲಿರುಳೂ ತೆರೆದಿರುತ್ತದೆ.

ಹೊಸ ಕಂಪನಿಯ ಅರ್ಜಿ ಸಲ್ಲಿಕೆಯಾದದ್ದು ಐವತ್ತೆರಡನೆಯ ದಿನ. ಸಂಬಳ ಮೊದಲಿಗಿಂತ ಕಡಿಮೆ. ಅಪ್ಪನಿಗೆ ಫೋನಿನಲ್ಲಿ ತಿಳಿಸಿದಾಗ ಅವರು ಸಂಬಳದ ಮಾತೆತ್ತಲಿಲ್ಲ. ಹತ್ತನೆಯ ದಿನದವರೆಗೆ ಏಕೆ ಮುಚ್ಚಿಟ್ಟೆ ಎಂದು ಮಾತ್ರ ಇನ್ನೊಮ್ಮೆ ಕೇಳಿದರು.