ಮಾಮಾ ಕೇಳಿದ ಪ್ರಶ್ನೆ

2003ರ ಬೇಸಿಗೆ ರಜೆ. ಧಾರವಾಡದ ನಮ್ಮ ಮನೆಗೆ ಕಂಪ್ಯೂಟರ್ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅದಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ ಹೊದಿಕೆ ತೆಗೆಯುವ ಅಧಿಕಾರ ಮನೆಯಲ್ಲಿ ನನ್ನ ಮಗನೊಬ್ಬನಿಗೇ ಇತ್ತು. ಗೆಳೆಯನಿಂದ ತಂದ ಯಾವುದೋ ಯುದ್ಧದ ಆಟ ಹಾಕಿಕೊಂಡು ಮಧ್ಯಾಹ್ನವೆಲ್ಲ ಢಂ ಢಂ ಎನಿಸುತ್ತಿದ್ದ. ಊರಿನಿಂದ ಬಂದಿದ್ದ ನನ್ನ ಸೋದರಮಾವ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, ಅವನ ಬೆನ್ನ ಹಿಂದೆ ಕುರ್ಚಿ ಎಳೆದು ಕೂತರು. ಮಾಮಾ ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರದಲ್ಲಿ ತರಬೇತಿ ಪಡೆದವರು. 1971ರ ಯುದ್ಧದಲ್ಲಿ ಪೂರ್ವದ ಗಡಿ ದಾಟಿ ಹೋಗಿ ಬಂದವರು. ಅರ್ಧ ಗಂಟೆ ಮಾತಿಲ್ಲದೆ ನೋಡಿದರು. ಆಮೇಲೆ ಒಂದೇ ಪ್ರಶ್ನೆ.

"ಬಿದ್ದಾವ್ರನ್ನ ಯಾರು ಹೊತ್ತು ತರ್ತಾರೋ ತಮ್ಮಾ?"

"ಯಾರೂ ಇಲ್ಲ ಅಜ್ಜಾ. ಸ್ವಲ್ಪ ಹೊತ್ತಿಗೆ ಅವ ಮಾಯ ಆಗ್ತಾವ."

ಮಾಮಾ "ಹೌದಾ" ಎಂದು ಎದ್ದು ಪಡಸಾಲೆಗೆ ಹೋಗಿ ತಮ್ಮ ಇಸ್ಪೀಟಿನ ಎಲೆ ಹರವಿಕೊಂಡರು. ಒಬ್ಬರೇ ಆಡುವ ಆಟ ಅದು. ಪಲ್ಟನ್ನಿನಿಂದ ಅವರು ತಂದ ಒಂದೇ ಚಟ. ಯುದ್ಧದ ಸುದ್ದಿಯನ್ನು ಅವರು ಯಾರೊಂದಿಗೂ ಆಡಿದವರಲ್ಲ. ಗದಗ ಕಡೆಯ ಹುಡುಗನೊಬ್ಬನನ್ನು ಗದ್ದೆಯ ಬದುವಿನ ಮೇಲೆ ಬಹಳ ದೂರ ಹೊತ್ತು ತಂದರೆಂದೂ, ಇಳಿಸಿ ನೋಡುವಾಗ ಅವನ ಜೀವ ಹೋಗಿತ್ತೆಂದೂ ಮಾಮಿಯಿಂದ ನಾನು ಕೇಳಿದ್ದು ಬಹಳ ವರ್ಷಗಳ ನಂತರ.

ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದವನು. ಮೌರ್ಯರಿಂದ ಮೈಸೂರು ಯುದ್ಧಗಳವರೆಗೆ ಎಷ್ಟೋ ಕಾಳಗಗಳನ್ನು ಫಳಕದ ಮೇಲೆ ಬರೆದಿದ್ದೇನೆ. ಈ ಪ್ರಶ್ನೆ ಮಾತ್ರ ನನಗೆ ಎಂದೂ ಹೊಳೆದಿರಲಿಲ್ಲ. ಅಂದಿನಿಂದ ಯುದ್ಧದ ಆಟಗಳ ಬಗೆಗೆ ಸಿಕ್ಕಿದ್ದನ್ನೆಲ್ಲ ಓದುವ ಗೀಳು ಹತ್ತಿತು.

ನಮ್ಮ ಚದುರಂಗದ ಹೆಸರಿನಲ್ಲೇ ಸೈನ್ಯದ ನಾಲ್ಕು ಅಂಗಗಳಿವೆ: ಆನೆ, ಕುದುರೆ, ರಥ, ಕಾಲಾಳು. ಅಲ್ಲಿ ಸತ್ತ ಕಾಯಿಯನ್ನು ಮಣೆಯ ಪಕ್ಕಕ್ಕೆ ಇಟ್ಟರೆ ಮುಗಿಯಿತು. 1812ರಲ್ಲಿ ಪ್ರಷ್ಯದ ರೈಸ್ವಿಟ್ಸ್ ಎಂಬವನು ಬೆಟ್ಟ, ಹೊಳೆ, ರಸ್ತೆಗಳ ಬಿಲ್ಲೆ ಜೋಡಿಸಿ ಆಡುವ ದೊಡ್ಡ ಮೇಜನ್ನು ತನ್ನ ಅರಸನಿಗೆ ಒಪ್ಪಿಸಿದ. 1824ರಲ್ಲಿ ಅವನ ಮಗ ಅದನ್ನೇ ನಕಾಶೆಯ ಮೇಲೆ ಆಡುವಂತೆ ತಿದ್ದಿದ. ಪ್ರಷ್ಯದ ಅಧಿಕಾರಿಗಳು ಯುದ್ಧ ಕಲಿತದ್ದು ಹೀಗೆ. ಯಾವ ದಂಡಿನಲ್ಲಿ ಎಷ್ಟು ಜನ ಹೋದರೆಂಬುದನ್ನು ದಾಳವೂ ಕೋಷ್ಟಕವೂ ಸೇರಿ ಹೇಳುತ್ತಿದ್ದವು. ಸತ್ತವರು ಅಂಕಿಯಾದರು, ಅಷ್ಟೆ.

ವಿಡಿಯೋ ಆಟ ಸೈನ್ಯದ ಬಾಗಿಲಿಗೆ ಬಂದ ಕಥೆ ಇನ್ನೂ ಸ್ವಾರಸ್ಯದ್ದು. 1980ರಲ್ಲಿ ಅಮೆರಿಕದ ಅಟಾರಿ ಕಂಪನಿ 'ಬ್ಯಾಟಲ್‌ಜೋನ್' ಎಂಬ ಆಟವನ್ನು ಹೊರತಂದಿತು. ಕಪ್ಪು ಪರದೆಯ ಮೇಲೆ ಬರಿ ಹಸಿರು ಗೆರೆಗಳು. ಆ ಗೆರೆಗಳಲ್ಲೇ ಬೆಟ್ಟ, ಆ ಗೆರೆಗಳಲ್ಲೇ ವೈರಿಯ ಟ್ಯಾಂಕು. ನಾಣ್ಯ ಹಾಕಿ, ಕಿಂಡಿಗೆ ಕಣ್ಣಿಟ್ಟು ಆಡಬೇಕು. ಹುಡುಗರು ಸಾಲುಗಟ್ಟಿ ನಿಂತು ಆಡುವುದನ್ನು ಕಂಡ ಸೈನ್ಯದವರಿಗೆ, ಹೊಸದಾಗಿ ಬರುತ್ತಿದ್ದ ಬ್ರಾಡ್ಲಿ ವಾಹನದ ತೋಪಿನವರನ್ನು ಇದರಲ್ಲೇ ಏಕೆ ಪಳಗಿಸಬಾರದು ಎನಿಸಿತು. ಆಟ ಕಟ್ಟಿದ ಎಡ್ ರಾಟ್‌ಬರ್ಗ್ ಒಪ್ಪಲಿಲ್ಲ. ಸೈನ್ಯದ ಕೆಲಸ ಬೇಡವೆಂದೇ ತಮ್ಮಂಥವರು ಆಟದ ಕಸುಬಿಗೆ ಬಂದದ್ದು ಎಂಬುದು ಆತನ ವಾದ. ಕಂಪನಿ ಬಿಡಲಿಲ್ಲ. ಇನ್ನೆಂದೂ ಸೈನ್ಯದ ಕೆಲಸ ಹಚ್ಚಬಾರದೆಂದು ಮಾತು ತೆಗೆದುಕೊಂಡು, ಆತ ಕೆಲವೇ ತಿಂಗಳಲ್ಲಿ, 1981ರ ಹೊತ್ತಿಗೆ, ಅದನ್ನು ಮುಗಿಸಿಕೊಟ್ಟ.

ಈ ತಿದ್ದುಪಡಿಗಳನ್ನು ಗಮನಿಸಬೇಕು. ಮೂಲ ಆಟದಲ್ಲಿ ಟ್ಯಾಂಕನ್ನು ಬೇಕಾದಲ್ಲಿ ಓಡಿಸಬಹುದಿತ್ತು. ಇಲ್ಲಿ ವಾಹನ ನಿಮ್ಮ ಕೈಯಲ್ಲಿಲ್ಲ, ತೋಪು ತಿರುಗಿಸುವುದಷ್ಟೇ ನಿಮ್ಮ ಕೆಲಸ. ಮೂಲ ಆಟದಲ್ಲಿ ಕಂಡದ್ದಕ್ಕೆಲ್ಲ ಹೊಡೆಯಬಹುದು. ಇಲ್ಲಿ ನಮ್ಮವರ ವಾಹನಗಳೂ ಎದುರಿಗೆ ಸುಳಿಯುತ್ತವೆ, ಅವಕ್ಕೆ ಹೊಡೆಯಕೂಡದು. ಎಂದರೆ ಸೈನ್ಯಕ್ಕೆ ಬೇಕಾದದ್ದು ಹೊಡೆಯುವ ಚಪಲವಲ್ಲ, ತಡೆಯುವ ಶಿಸ್ತು. ಇದನ್ನು ಓದಿದಾಗ ನನಗೆ ಸೈನ್ಯದವರ ಮೇಲೆ ತುಸು ಗೌರವವೇ ಬಂತು. ಕೊನೆಗೆ ಆದದ್ದು ಎರಡೇ ಯಂತ್ರ, ಸೈನ್ಯ ಕೈಬಿಟ್ಟಿತು. ಆದರೆ ತೋಪಿನವನಿಗಾಗಿ ಮಾಡಿದ ಆ ಹಿಡಿಕೆ ಮುಂದೆ 1983ರಲ್ಲಿ 'ಸ್ಟಾರ್ ವಾರ್ಸ್' ಆಟಕ್ಕೆ ಬಂದು ಮತ್ತೆ ಮಕ್ಕಳ ಕೈ ಸೇರಿತು.

1996ರಲ್ಲಿ ಅಮೆರಿಕದ ಮರೀನ್ ದಳದವರು 'ಡೂಮ್' ಎಂಬ ಪಿಶಾಚಿ ಬೇಟೆಯ ಆಟವನ್ನು ತಾವೇ ತಿದ್ದಿದರು. ಪಿಶಾಚಿಗಳು ಹೋಗಿ ಸಿಪಾಯಿಗಳು ಬಂದರು. ಆ ಸಿಪಾಯಿಗಳು ಅಂಗಡಿಯ ಆಟಿಕೆ ಬೊಂಬೆಗಳ ಚಿತ್ರ! ನಾಲ್ವರು ಒಟ್ಟಿಗೆ ಕೂತು ಆಡಬೇಕು, ಒಬ್ಬರನ್ನೊಬ್ಬರು ಕಾಯಬೇಕು. 2002ರ ಜುಲೈ 4ರಂದು ಸೈನ್ಯವೇ 'ಅಮೆರಿಕಾಸ್ ಆರ್ಮಿ' ಎಂಬ ಆಟವನ್ನು ಪುಕ್ಕಟೆಯಾಗಿ ಹಂಚಿತು. ಇದು ಭರ್ತಿಗೆ ಹುಡುಗರನ್ನು ಸೆಳೆಯುವ ಉಪಾಯ. ಇದರ ಜಾಣತನ ನೋಡಿ: ಎರಡು ತಂಡದವರು ಕಾದಾಡುವಾಗ ಪ್ರತಿಯೊಬ್ಬರಿಗೂ ತಮ್ಮ ತಂಡವೇ ಅಮೆರಿಕನ್ನರಾಗಿ, ಎದುರಿನವರು ವೈರಿಗಳಾಗಿ ಕಾಣುತ್ತಾರೆ. ವೈರಿಯಾಗಿ ಆಡಲು ಯಾರಿಗೂ ಅವಕಾಶವಿಲ್ಲ. ಕವಾಯತು ಕಲಿಸುವ ಸಾರ್ಜೆಂಟನಿಗೇ ಗುಂಡು ಹಾರಿಸಿದರೆ ನೇರ ಜೈಲು. ವೈದ್ಯ ಸಿಪಾಯಿ ಆಗಬೇಕೆನ್ನುವವನು ತರಗತಿಯಲ್ಲಿ ಕೂತು ಪ್ರಥಮ ಚಿಕಿತ್ಸೆಯ ಪಾಠ ಕೇಳಿ ಪರೀಕ್ಷೆ ಪಾಸಾಗಬೇಕು. 2007ರಲ್ಲಿ ರಸ್ತೆಯ ಅಪಘಾತವೊಂದರಲ್ಲಿ ಆಟಗಾರನೊಬ್ಬ ಆ ಪಾಠದ ಬಲದಿಂದಲೇ ಗಾಯಾಳುವಿನ ರಕ್ತಸ್ರಾವ ತಡೆದ; ಸೈನ್ಯ ಅದನ್ನು ಹೆಮ್ಮೆಯಿಂದ ಸಾರಿತು. ಹೆಮ್ಮೆ ಪಡತಕ್ಕದ್ದೇ. ಆದರೆ ಇದೇ ಆಟದೊಳಗೆ 2006ರಿಂದ ಜೋಸೆಫ್ ಡಿಲ್ಯಾಪ್ ಎಂಬ ಕಲಾವಿದ ಗುಂಡು ಹಾರಿಸದೆ ನಿಂತು, ಇರಾಕಿನಲ್ಲಿ ಸತ್ತ ಅಮೆರಿಕದ ಸೈನಿಕರ ಹೆಸರುಗಳನ್ನು ಒಂದೊಂದಾಗಿ ಟೈಪು ಮಾಡತೊಡಗಿದ. ಉಳಿದ ಆಟಗಾರರು ಬೈದರು, ಗುಂಡಿಕ್ಕಿದರು. ಮತ್ತೆ ಬಂದು ಮತ್ತೆ ಬರೆದ. 2022ರ ಮೇ ತಿಂಗಳಲ್ಲಿ ಸೈನ್ಯ ಆ ಆಟವನ್ನು ಮುಚ್ಚಿತು. ನಮ್ಮ ವಾಯುಪಡೆಯೂ 2014ರಲ್ಲಿ ಒಂದು, 2019ರಲ್ಲಿ ಇನ್ನೊಂದು ಮೊಬೈಲ್ ಆಟ ತಂದಿತ್ತು. ಅವು ಆಕಾಶದ ಆಟಗಳು.

ಸಿಪಾಯಿಯ ಬೇಸರ ಕಳೆಯುವ ಆಟದ ಮಾತು ಬೇರೆ. ಅಲ್ಲಿ ನನಗೆ ತಕರಾರಿಲ್ಲ. 1991ರ ಕೊಲ್ಲಿ ಯುದ್ಧಕ್ಕೆ ಅಮೆರಿಕದ ಹುಡುಗರು ಅಂಗೈಯಗಲದ ಗೇಮ್‌ಬಾಯ್ ಒಯ್ದಿದ್ದರು. ಬೆಂಕಿಗೆ ಸಿಕ್ಕಿ ಮೈಯೆಲ್ಲ ಕರಗಿದ ಒಂದು ಗೇಮ್‌ಬಾಯ್ ನ್ಯೂಯಾರ್ಕಿನ ನಿಂಟೆಂಡೊ ಅಂಗಡಿಯಲ್ಲಿ ಎಷ್ಟೋ ವರ್ಷ ಪ್ರದರ್ಶನಕ್ಕಿತ್ತು. ಅದರಲ್ಲಿ ಇಟ್ಟಿಗೆ ಜೋಡಿಸುವ 'ಟೆಟ್ರಿಸ್' ಆಟ ಓಡುತ್ತಲೇ ಇತ್ತು. ಅದು ರಷ್ಯನ್ನನೊಬ್ಬ ಕಟ್ಟಿದ ಆಟವೆಂಬುದು ತಮಾಷೆ. ನನಗೆ ಅರ್ಥವಾಗದ್ದೆಂದರೆ, ಇರಾಕಿನಲ್ಲಿ ಹಗಲೆಲ್ಲ ಬಂದೂಕು ಹಿಡಿದು ತಿರುಗಿದ ಹುಡುಗರು ರಾತ್ರಿ ಡೇರೆಗೆ ಬಂದು ಮತ್ತೆ ಬಂದೂಕಿನ ಆಟವನ್ನೇ ಆಡುತ್ತಿದ್ದದ್ದು. ಮಾಮಾನ ಇಸ್ಪೀಟಿನಲ್ಲಿ ರಾಜನಿದ್ದ, ರಾಣಿಯಿದ್ದಳು; ತುಪಾಕಿ ಇರಲಿಲ್ಲ.

ನನ್ನ ಹುಡುಕಾಟ ಬಂದು ನಿಂತದ್ದು 'ಫುಲ್ ಸ್ಪೆಕ್ಟ್ರಮ್ ವಾರಿಯರ್' ಎಂಬ ಆಟದ ಬಳಿ. ಅಮೆರಿಕದ ಸೈನ್ಯ 1999ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಒಂದು ಸಂಸ್ಥೆ ತೆರೆಯಿತು. ಅದರ ಕೂಸು ಈ ಆಟ. 2004ರಲ್ಲಿ ಪೇಟೆಗೂ ಬಂತು. ಇಲ್ಲಿ ಆಟಗಾರ ತಾನೇ ಗುಂಡು ಹಾರಿಸುವುದಿಲ್ಲ. ಎರಡು ಸಣ್ಣ ತಂಡಗಳಿಗೆ ಅಪ್ಪಣೆ ಕೊಡುತ್ತಾನೆ: ಈ ಗೋಡೆಗೆ ಆತುಕೊಳ್ಳಿ, ಆ ಓಣಿ ನೋಡಿಕೊಳ್ಳಿ. ಯಾರಾದರೂ ಬಿದ್ದರೆ ಸಂಗಡಿಗನೊಬ್ಬ ಹೆಗಲ ಮೇಲೆ ಹೊತ್ತು ಗಾಯಾಳುಗಳ ಠಾಣೆಗೆ ತರಬೇಕು. ಬಿಟ್ಟು ಮುಂದೆ ಹೋಗುವಂತಿಲ್ಲ. ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ತರಬೇತಿಗೆ ಇದು ಸಾಲದೆಂದು ಸೈನ್ಯದಲ್ಲಿ ಗೊಣಗಾಟವಾಯಿತು. ಆದರೆ ಆಟದ ಬೀದಿ, ಮನೆ, ಮಸೀದಿಗಳ ಚಿತ್ರಗಳು ದಂಡವಾಗಲಿಲ್ಲ. ಇರಾಕಿನಿಂದ ಮರಳಿದವರು ನಿದ್ದೆಗೆಟ್ಟು, ಬೆಚ್ಚಿ ಬೀಳುತ್ತ ಒದ್ದಾಡುವಾಗ, ಅದೇ ಸಂಸ್ಥೆಯ ಸ್ಕಿಪ್ ರಿಜ್ಜೊ ಎಂಬ ಮನಶ್ಶಾಸ್ತ್ರಜ್ಞ ಆ ಚಿತ್ರಗಳಿಂದಲೇ 'ವರ್ಚುವಲ್ ಇರಾಕ್' ಎಂಬ ಚಿಕಿತ್ಸೆಯನ್ನು ಕಟ್ಟಿದ. ರೋಗಿ ಕಣ್ಣಿಗೆ ಪರದೆ ಕಟ್ಟಿಕೊಂಡು ಮತ್ತೆ ಅದೇ ಬೀದಿಗೆ ಹೋಗುತ್ತಾನೆ. ತನಗಾದದ್ದನ್ನು ಬಾಯಿಬಿಟ್ಟು ಹೇಳುತ್ತ ಹೋಗುತ್ತಾನೆ. ವೈದ್ಯ ಪಕ್ಕದಲ್ಲಿ ಕೂತು ಸಿಡಿತದ ಸದ್ದು, ನೆಲದ ನಡುಕ, ಸುಟ್ಟ ರಬ್ಬರಿನ ವಾಸನೆ, ಡೀಸೆಲ್ ವಾಸನೆಗಳನ್ನು ಅಳತೆಯಂತೆ ಬಿಡುತ್ತಾನೆ. ಅಂಜಿಕೆಯನ್ನು ಮತ್ತೆ ಮತ್ತೆ ಎದುರಿಸಿ ಅದರ ಹಲ್ಲು ಮೊಂಡು ಮಾಡುವ ಉಪಾಯ. ಹಲವರಿಗೆ ಗುಣವೂ ಆಗಿದೆ. ಜರ್ಮನಿಯ ಚಿತ್ರಕಾರ ಹರೂನ್ ಫರೋಕಿ ಇವುಗಳ ಮೇಲೆ ಕಿರುಚಿತ್ರಗಳನ್ನು ತೆಗೆದ. 2010ರ ಒಂದರಲ್ಲಿ ಆತ ತೋರಿಸುವುದು ಇಷ್ಟು: ಯುದ್ಧಕ್ಕೆ ಕಳಿಸುವ ಮುನ್ನ ತೋರಿಸುವ ಚಿತ್ರಗಳಲ್ಲಿ ಮನುಷ್ಯರಿಗೆ ನೆರಳು ಬೀಳುತ್ತದೆ. ಮರಳಿ ಬಂದವರ ಚಿಕಿತ್ಸೆಯ ಚಿತ್ರಗಳಲ್ಲಿ ಯಾರಿಗೂ ನೆರಳಿಲ್ಲ. ಅದು ಅಗ್ಗದ್ದು.

ಆ ಬಳಿಕ ಊರಿಗೆ ಹೋದಾಗ ಮಾಮಾನಿಗೆ ಹೇಳಿದೆ. "ಮಾಮಾ, ನೀವು ಅವತ್ತ ಕೇಳಿದ್ರಲ್ಲಾ, ಬಿದ್ದಾವ್ರನ್ನ ಯಾರು ಹೊತ್ತು ತರ್ತಾರಂತ? ಹಂಗ ಹೊತ್ತು ತರೋ ಆಟಾನೂ ಮಾಡ್ಯಾರ."

"ತಂದ ಮ್ಯಾಲ?"

"ಠಾಣೇಕ್ಕ ಮುಟ್ಟಿಸಿದ್ರ ಆರಾಮ ಆಗಿ ಎದ್ದು ಮತ್ತ ಆಟಕ್ಕ ಬರ್ತಾನ."

ಮಾಮಾ ಎಲೆ ಕಲಸುತ್ತಿದ್ದ ಕೈ ನಿಲ್ಲಿಸಿದರು. "ಹೊತ್ತಾವಗ ಭಾರ ಗೊತ್ತಾಗ್ತದೇನೋ ಅದ್ರಾಗ?"

ಇಲ್ಲವೆಂದೆ. ಅವರು ಎಲೆಗಳನ್ನು ಎರಡು ಪಾಲು ಮಾಡಿ ಒಂದನ್ನು ನನ್ನ ಕಡೆಗೆ ಸರಿಸಿದರು. ಅದುವರೆಗೆ ಅವರು ಯಾರನ್ನೂ ಆಟಕ್ಕೆ ಕರೆದದ್ದು ನನಗೆ ನೆನಪಿಲ್ಲ. ಮಾಮಿ ಚಹಾ ತರುವ ತನಕ ಆಡಿದೆವು.