ಸಭೆಗೆ ಸಂದವರು

ಸೋಮನಾಥಪುರದ ಕೇಶವ ದೇವಾಲಯದ ಮಹಾದ್ವಾರದಲ್ಲಿ ದೊಡ್ಡ ಶಾಸನದ ಕಲ್ಲೊಂದಿದೆ. ಬಂದವರ ಕಣ್ಣು ಒಳಗಿನ ಶಿಲ್ಪಗಳತ್ತ ಓಡುತ್ತದೆ. ಕಲ್ಲಿನ ಮುಂದೆ ನಿಲ್ಲುವವರು ಕಡಿಮೆ. ಹೊಯ್ಸಳ ಮುಮ್ಮಡಿ ನರಸಿಂಹನ ದಂಡನಾಯಕ ಸೋಮನಾಥ 13ನೆಯ ಶತಮಾನದಲ್ಲಿ ಇಲ್ಲಿ ಅಗ್ರಹಾರ ಮಾಡಿಸಿ, ಊರಿಗೆ ತನ್ನ ಹೆಸರನ್ನೇ ಇಟ್ಟ. ಅಗ್ರಹಾರಗಳ ಆಡಳಿತ ಆಗ ಮಹಾಜನರದು. ಜಮೀನು, ಕೆರೆ, ದತ್ತಿ ಎಲ್ಲವೂ ಅವರು ಕೂಡಿ ಕೂತು ತೀರ್ಮಾನಿಸಿದಂತೆ. ಆದರೆ ಮಹಾಜನರೆಂದರೆ ಭೂಮಿ ಪಡೆದ ಬ್ರಾಹ್ಮಣರು. ಆ ಗದ್ದೆ ಉತ್ತವನಿಗೆ, ಕಳೆ ಕಿತ್ತವಳಿಗೆ ಅಲ್ಲಿ ಜಾಗವಿರಲಿಲ್ಲ.

'ಸಭೆ' ಎಂಬ ಮಾತಿಗೆ, ಕೆಲವರನ್ನು ಹೊರಗಿಡುವ ಈ ಬಾಗಿಲು ಹಳೆಯದು. ಋಗ್ವೇದದಲ್ಲಿ ಅದು ಜನ ಕೂಡುವ ಜಾಗವೂ ಹೌದು, ಜೂಜಾಡುವ ಜಾಗವೂ ಹೌದು. ಸಭೆಗೆ ಸಲ್ಲುವವನು 'ಸಭ್ಯ'. ನಯವಂತ ಎಂಬ ಅರ್ಥ ಬೆಳೆದದ್ದು ಅಲ್ಲಿಂದ. ಸಲ್ಲದ್ದು 'ಅಸಭ್ಯ'. ಮಹಾಭಾರತದ ಸಭಾಪರ್ವದಲ್ಲಿ ಕೂಟವೂ ಜೂಜೂ ಒಂದೇ ಸೂರಿನಡಿ ಬರುತ್ತವೆ. ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕುಂಟೇ ಎಂದು ದ್ರೌಪದಿ ಕೇಳುತ್ತಾಳೆ. ಭೀಷ್ಮನೇ ಉತ್ತರ ಕೊಡಲಾರ. ಅವಳ ಪರ ಬಾಯಿಬಿಟ್ಟವನು ಕೌರವರಲ್ಲೇ ಒಬ್ಬನಾದ ವಿಕರ್ಣ. ಯಾವ ಸಭೆಯ ಸುದ್ದಿ ಓದಿದರೂ ನನಗೆ ಆ ಪ್ರಶ್ನೆ ನೆನಪಾಗುತ್ತದೆ.

ಪಾರ್ಲಿಮೆಂಟ್ ಎಂಬುದರ ಬೇರು ಫ್ರೆಂಚಿನಲ್ಲಿ 'ಮಾತಾಡು' ಎಂಬ ಕ್ರಿಯಾಪದ. ನಮ್ಮ ಸಂಸತ್ತು, ಪರಿಷತ್ತು, ಸದನ, ಸದಸ್ಯ ಎಲ್ಲಕ್ಕೂ ಬೇರು 'ಸದ್', ಅಂದರೆ ಕೂರು. ಕೂರಲು ಜಾಗ ಸಿಕ್ಕವನಿಗಲ್ಲವೇ ಮಾತು! 1881ರ ದಸರೆಯಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ 144 ಜನರನ್ನು ಕೂರಿಸಿದರು. ಅದು ಪ್ರಜಾಪ್ರತಿನಿಧಿ ಸಭೆ. ಬಂದವರು ಹೆಚ್ಚಾಗಿ ಜಮೀನುಳ್ಳವರು, ವರ್ತಕರು. ಅಹವಾಲು ಹೇಳಬಹುದಿತ್ತು, ಕಾನೂನು ಮಾಡುವಂತಿರಲಿಲ್ಲ. ಆದರೂ 'ಪ್ರಜೆ' ಎಂಬ ಪದ, ಮೊದಲಿಗೆ ಸಂತಾನವೆಂದೂ ಆಮೇಲೆ ದೊರೆಯ ಆಳ್ವಿಕೆಗೆ ಒಳಪಟ್ಟವರೆಂದೂ ಅರ್ಥವಿದ್ದ ಪದ, ಸಭೆಯ ಪಕ್ಕ ಬಂದು ಕೂತಿತು.

ಈಗ ಸಭೆ ಊರಿಗೇ ಬಂದಿದೆ. ಗ್ರಾಮಸಭೆಗೆ ಮತದಾರರ ಪಟ್ಟಿಯಲ್ಲಿರುವವರೆಲ್ಲ ಸದಸ್ಯರು. ಯಾರೂ ಆರಿಸಿ ಕಳಿಸಬೇಕಿಲ್ಲ. ನಾಟಿ ಮುಗಿಸಿ ಗದ್ದೆಯಿಂದ ನೇರ ಬಂದ ಹೆಂಗಸು ಎದ್ದು ನಿಂತು, ಚರಂಡಿಗೆ ಬಂದ ಹಣ ಎಲ್ಲಿ ಹೋಯಿತೆಂದು ಕೇಳಬಹುದು. ಅವಳು ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು.